ಲಕ್ಷಣ ನೋಡಿದರೆ ಸಾಲದು, ಪರೀಕ್ಷೆಯೂ ಬೇಕು

ಸಿಫಿಲಿಸ್‌ಗೆ ಪೆನಿಸಿಲಿನ್ ಮದ್ದಾಗುತ್ತದೆ ಎಂದು ಅಮೆರಿಕದ ವೈದ್ಯ ಜಾನ್ ಮಹೋನಿ ತೋರಿಸಿಕೊಟ್ಟದ್ದು 1943ರಲ್ಲಿ. ಎಂಟು ದಶಕ ಕಳೆದರೂ ಆ ಮದ್ದಿನ ಶಕ್ತಿ ಕುಂದಿಲ್ಲ, ಬೆಲೆಯೂ ಕೈಗೆಟುಕುವಂತೆಯೇ ಇದೆ. ರೋಗದ ಆರಂಭದ ಹಂತದಲ್ಲಿ 24 ಲಕ್ಷ ಯೂನಿಟ್‌ಗಳ ಒಂದು ಸಲದ ಚುಚ್ಚುಮದ್ದು ಸಾಕಾಗುತ್ತದೆ. ಆದರೂ 2022ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 15ರಿಂದ 49 ವರ್ಷದೊಳಗಿನ ಸುಮಾರು 80 ಲಕ್ಷ ಜನರಿಗೆ ಹೊಸದಾಗಿ ಸಿಫಿಲಿಸ್ ತಗುಲಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದೇ ವಯೋಮಾನದವರಲ್ಲಿ ಕ್ಲಮೈಡಿಯ, ಗೊನೊರಿಯ, ಟ್ರೈಕೊಮೊನಿಯಾಸಿಸ್ ಮತ್ತು ಸಿಫಿಲಿಸ್ ಸೇರಿ 2020ರಲ್ಲಿ 37.4 ಕೋಟಿ ಹೊಸ ಸೋಂಕುಗಳಾದವು. ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು. ಈ ನಾಲ್ಕೂ ಔಷಧದಿಂದ ಪೂರ್ತಿ ವಾಸಿಯಾಗುವ ಸೋಂಕುಗಳು. ಮದ್ದು ಕೈಯಲ್ಲಿದ್ದೂ ರೋಗ ಹೀಗೆ ಹಬ್ಬುತ್ತಿದೆಯೆಂದರೆ ಕೊರತೆ ಬೇರೆಡೆ ಇರಬೇಕು. ಸೋಂಕು ಯಾರ ದೇಹದಲ್ಲಿದೆ ಎಂಬುದು ಅವರಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಾಗುತ್ತಿಲ್ಲ. ಆದ್ದರಿಂದ ಲೈಂಗಿಕ ಸೋಂಕುಗಳ ವಿರುದ್ಧದ ಹೋರಾಟದಲ್ಲಿ ಈಗ ಎಲ್ಲಕ್ಕಿಂತ ಮೊದಲು ಬಲಪಡಿಸಬೇಕಾದದ್ದು ಪ್ರಯೋಗಾಲಯವನ್ನು. ಅದನ್ನು ದೊಡ್ಡ ನಗರಗಳ ಖಾಸಗಿ ಆಸ್ಪತ್ರೆಗಳಿಗೆ ಬಿಟ್ಟುಕೊಡದೆ ತಾಲ್ಲೂಕು ಆಸ್ಪತ್ರೆಯವರೆಗೂ ಒಯ್ಯಬೇಕು.

ಸದ್ಯ ನಮ್ಮ ದೇಶದ ಸರ್ಕಾರಿ ವ್ಯವಸ್ಥೆ ಬಹುಮಟ್ಟಿಗೆ ನಂಬಿರುವುದು ಲಕ್ಷಣ ಆಧರಿಸಿದ ಚಿಕಿತ್ಸೆಯನ್ನು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ವೈದ್ಯಕೀಯ ಕಾಲೇಜುಗಳಲ್ಲೂ ನಡೆಯುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಣ್ಣದಿಂದ ಗುರುತಿಸುವ ಏಳು ಬಗೆಯ ಔಷಧ ಕಿಟ್‌ಗಳಿವೆ. ಮೂತ್ರನಾಳದಿಂದ ಕೀವು ಬರುತ್ತಿದೆ ಎಂದವರಿಗೆ ಬೂದು ಬಣ್ಣದ ಕಿಟ್, ಬಿಳಿಸೆರಗು ಎಂದು ಬಂದ ಮಹಿಳೆಗೆ ಹಸಿರು, ಗುಪ್ತಾಂಗದ ಹುಣ್ಣಿಗೆ ಬಿಳಿ, ಕಿಬ್ಬೊಟ್ಟೆ ನೋವಿಗೆ ಹಳದಿ, ಹೀಗೆ. ಒಂದೊಂದು ಲಕ್ಷಣಕ್ಕೂ ಕಾರಣವಾಗಬಲ್ಲ ಮುಖ್ಯ ಸೋಂಕುಗಳಿಗೆಲ್ಲ ಬೇಕಾದ ಔಷಧ ಒಂದೇ ಪೊಟ್ಟಣದಲ್ಲಿರುತ್ತದೆ. ಪ್ರಯೋಗಾಲಯವೇ ಇಲ್ಲದ ಊರುಗಳಿಗಾಗಿ ರೂಪುಗೊಂಡ ಈ ಪದ್ಧತಿಯ ಉಪಕಾರ ಸಣ್ಣದಲ್ಲ. ರೋಗಿ ಬಂದ ದಿನವೇ ಚಿಕಿತ್ಸೆ ಸಿಗುತ್ತದೆ, ವರದಿಗಾಗಿ ಮತ್ತೊಮ್ಮೆ ಬಸ್ಸು ಹತ್ತಿ ಬರಬೇಕಿಲ್ಲ, ತಜ್ಞ ವೈದ್ಯರೇ ಇರಬೇಕೆಂದೂ ಇಲ್ಲ. ಕೀವಿನ ತೊಂದರೆ ಹೇಳಿಕೊಂಡು ಬಂದ ಪುರುಷನ ಮಟ್ಟಿಗೆ ಇದು ಇಂದಿಗೂ ಸಾಕಷ್ಟು ಸರಿಯಾದ ದಾರಿ.

ಎಡವುವುದು ಮಹಿಳೆಯರ ವಿಷಯದಲ್ಲಿ. ಕ್ಲಮೈಡಿಯ ತಗುಲಿದ ಮಹಿಳೆಯರಲ್ಲಿ ಬಹುಪಾಲಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಗೊನೊರಿಯದಲ್ಲೂ ಅನೇಕರ ಸ್ಥಿತಿ ಇದೇ. ತೊಂದರೆಯೇ ಇಲ್ಲದವರು ಕ್ಲಿನಿಕ್‌ಗೆ ಬರುವುದಿಲ್ಲ, ಬಾರದವರಿಗೆ ಕಿಟ್ ಸಿಗುವುದಿಲ್ಲ. ಸೋಂಕು ಸದ್ದಿಲ್ಲದೆ ಗರ್ಭಕೋಶಕ್ಕೆ, ಅಲ್ಲಿಂದ ಅಂಡನಾಳಗಳಿಗೆ ಏರಿ ಗಾಯದ ಕಲೆ ಉಳಿಸುತ್ತದೆ. ಮುಂದೆ ಮಕ್ಕಳಾಗದಿರುವುದು, ಗರ್ಭ ನಾಳದಲ್ಲೇ ಕಟ್ಟಿ ಪ್ರಾಣಾಪಾಯವಾಗುವುದು, ವರ್ಷಗಟ್ಟಲೆ ಕಾಡುವ ಕಿಬ್ಬೊಟ್ಟೆ ನೋವು, ಇವೆಲ್ಲ ಅದರ ಫಲ. ಇನ್ನೊಂದು ಕಡೆ, ಬಿಳಿಸೆರಗು ಎಂದು ಬರುವ ಮಹಿಳೆಯರಲ್ಲಿ ಹೆಚ್ಚಿನವರಿಗೆ ಇರುವುದು ಲೈಂಗಿಕ ಸೋಂಕೇ ಅಲ್ಲ. ಯೋನಿಯಲ್ಲಿ ಸಹಜವಾಗಿರುವ ಬ್ಯಾಕ್ಟೀರಿಯಗಳ ಸಮತೋಲ ತಪ್ಪಿರಬಹುದು, ಕ್ಯಾಂಡಿಡ ಶಿಲೀಂಧ್ರ ಬೆಳೆದಿರಬಹುದು, ಅದು ಬರೀ ಸಹಜ ಸ್ರಾವವೂ ಆಗಿರಬಹುದು. ಬಾಂಗ್ಲಾದೇಶದ ಮತ್ಲಬ್‌ನಲ್ಲಿ ನಡೆದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತ್ತು. ಲೈಂಗಿಕ ಸೋಂಕು ವಿರಳವಾಗಿರುವ ಹಳ್ಳಿಗಾಡಿನಲ್ಲಿ ಲಕ್ಷಣ ನೋಡಿ ಔಷಧ ಕೊಡುತ್ತ ಹೋದರೆ ಸೋಂಕಿಲ್ಲದ ಮಹಿಳೆಯರೇ ದೊಡ್ಡ ಸಂಖ್ಯೆಯಲ್ಲಿ ಆ ಔಷಧ ನುಂಗುತ್ತಾರೆ. ಹೀಗೆ ಒಂದೇ ಪದ್ಧತಿ ಸೋಂಕಿರುವವರನ್ನು ಕೈಬಿಡುತ್ತದೆ, ಇಲ್ಲದವರಿಗೆ ಔಷಧವನ್ನೂ ಕಳಂಕವನ್ನೂ ಅಂಟಿಸುತ್ತದೆ.

ಸಿಫಿಲಿಸ್: ನೂರು ವರ್ಷದ ಪಾಠ

ಪ್ರಯೋಗಾಲಯ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಸಿಫಿಲಿಸ್‌ನಷ್ಟು ಚೆನ್ನಾಗಿ ಕಲಿಸುವ ಕಾಯಿಲೆ ಇನ್ನೊಂದಿಲ್ಲ. ಅದಕ್ಕೆ ಕಾರಣವಾದ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು 1905ರಲ್ಲಿ ಬರ್ಲಿನ್‌ನಲ್ಲಿ ಫ್ರಿಟ್ಜ್ ಶಾಡಿನ್ ಮತ್ತು ಎರಿಕ್ ಹಾಫ್‌ಮನ್ ಗುರುತಿಸಿದರು. ಮರುವರ್ಷವೇ ಆಗಸ್ಟ್ ಫಾನ್ ವಾಸರ್‌ಮನ್ ಮತ್ತು ಸಂಗಡಿಗರು ರಕ್ತಪರೀಕ್ಷೆಯನ್ನು ರೂಪಿಸಿದರು. ಸಿಫಿಲಿಸ್ ತಗುಲಿದ ಶಿಶುವಿನ ಯಕೃತ್ತಿನ ಸಾರವನ್ನು ಅವರು ಬಳಸಿದ್ದರು; ಅದರಲ್ಲಿರುವ ಬ್ಯಾಕ್ಟೀರಿಯದ ವಿರುದ್ಧ ರೋಗಿಯ ರಕ್ತ ವರ್ತಿಸುತ್ತದೆ ಎಂಬುದು ಅವರ ಎಣಿಕೆ. ಸ್ವಲ್ಪ ಕಾಲದಲ್ಲೇ ಆರೋಗ್ಯವಂತ ಅಂಗಾಂಶದ ಸಾರದಿಂದಲೂ ಅದೇ ಫಲ ಬರುತ್ತದೆಂದು ತಿಳಿಯಿತು. ರಕ್ತ ನಿಜವಾಗಿ ವರ್ತಿಸುತ್ತಿದ್ದದ್ದು ಒಂದು ಬಗೆಯ ಕೊಬ್ಬಿನ ಅಂಶದ ವಿರುದ್ಧ. 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಅದನ್ನು ದನದ ಹೃದಯದಿಂದ ಶುದ್ಧರೂಪದಲ್ಲಿ ಬೇರ್ಪಡಿಸಿ ಕಾರ್ಡಿಯೊಲಿಪಿನ್ ಎಂದು ಹೆಸರಿಸಿದರು. ಅದನ್ನೇ ಆಧರಿಸಿ 1946ರಲ್ಲಿ ವಿಡಿಆರ್‌ಎಲ್ ಪರೀಕ್ಷೆ ಬಂತು. ಆ ಹೆಸರು ನಮ್ಮ ಲ್ಯಾಬ್ ಚೀಟಿಗಳಲ್ಲಿ ಈಗಲೂ ಕಾಣುತ್ತದೆ. ಆರ್‌ಪಿಆರ್ ಎಂಬುದು ಅದೇ ತತ್ತ್ವದ, ಬರಿಗಣ್ಣಿಗೇ ಫಲ ಕಾಣುವ ಸುಲಭ ರೂಪ.

ಈ ಪರೀಕ್ಷೆಗಳು ರೋಗಾಣುವನ್ನು ನೇರವಾಗಿ ಹುಡುಕುವುದಿಲ್ಲ. ರೋಗದಿಂದ ಜೀವಕೋಶಗಳು ಹಾನಿಗೊಂಡಾಗ ಹುಟ್ಟುವ ಪ್ರತಿಕಾಯಗಳನ್ನು ಹುಡುಕುತ್ತವೆ. ಅಂಥ ಹಾನಿ ಮಲೇರಿಯ, ಕುಷ್ಠ, ಲೂಪಸ್‌ನಂಥ ಕಾಯಿಲೆಗಳಲ್ಲೂ ಆಗಬಹುದು. ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿಯೂ ಕೆಲವೊಮ್ಮೆ ಸಿಫಿಲಿಸ್ ಇಲ್ಲದೆಯೇ ಫಲ ಪಾಸಿಟಿವ್ ಬರುತ್ತದೆ. ಅದಕ್ಕಾಗಿ ಟಿಪಿಎಚ್‌ಎಯಂಥ ಎರಡನೆಯ ಪರೀಕ್ಷೆ ಬೇಕು. ಅದು ಸಿಫಿಲಿಸ್ ಬ್ಯಾಕ್ಟೀರಿಯದ ವಿರುದ್ಧವೇ ಹುಟ್ಟಿದ ಪ್ರತಿಕಾಯವನ್ನು ಹಿಡಿಯುತ್ತದೆ. ಆದರೆ ಅದಕ್ಕೂ ಮಿತಿಯಿದೆ. ಒಮ್ಮೆ ಸಿಫಿಲಿಸ್ ಬಂದು ಪೂರ್ತಿ ಗುಣವಾದವರಲ್ಲೂ ಟಿಪಿಎಚ್‌ಎ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಮತ್ತೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್‌ನ ಪ್ರಮಾಣವನ್ನೇ, ಅಂದರೆ ಎಷ್ಟು ಪಟ್ಟು ತೆಳುಮಾಡಿದ ರಕ್ತದಲ್ಲೂ ಫಲ ಪಾಸಿಟಿವ್ ಬರುತ್ತದೆ ಎಂಬುದನ್ನೇ ನೋಡಬೇಕು. 1:32 ಇದ್ದದ್ದು ತಿಂಗಳುಗಳು ಕಳೆದಂತೆ 1:8ಕ್ಕೆ ಅಥವಾ ಅದಕ್ಕೂ ಕೆಳಗಿಳಿದರೆ ಮದ್ದು ಹತ್ತಿತೆಂದು ಅರ್ಥ. ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೊರಟವರ ವೈದ್ಯಕೀಯ ತಪಾಸಣೆಯಲ್ಲಿ ಸಿಫಿಲಿಸ್ ಪರೀಕ್ಷೆಯೂ ಸೇರಿದೆ. ನಮ್ಮ ಕರಾವಳಿಯಿಂದ ಹೋಗುವ ಯುವಕನೊಬ್ಬನ ಹಳೆಯ, ಗುಣವಾದ ಸೋಂಕನ್ನು ಈಗಿನ ಸೋಂಕೆಂದು ಓದಿದರೆ ಅವನ ಜೀವನೋಪಾಯಕ್ಕೇ ಕುತ್ತು ಬರಬಹುದು. ಇನ್ನು ಹುಣ್ಣು ಕಾಣಿಸಿಕೊಂಡ ಮೊದಲ ದಿನಗಳಲ್ಲಿ ರಕ್ತದಲ್ಲಿ ಪ್ರತಿಕಾಯವೇ ಹುಟ್ಟಿರದೆ ಎರಡೂ ಪರೀಕ್ಷೆಗಳು ನೆಗೆಟಿವ್ ಬರಬಹುದು. ಪರೀಕ್ಷೆಯ ಫಲವನ್ನು ರೋಗಿಯ ಚರಿತ್ರೆಯ ಜೊತೆಗಿಟ್ಟು ಓದಬೇಕು ಎನ್ನುವುದು ಇದಕ್ಕಾಗಿ.

ಸೂಕ್ಷ್ಮದರ್ಶಕದಿಂದ ವಂಶವಾಹಿಯವರೆಗೆ

ರೋಗಾಣುವನ್ನೇ ನೇರವಾಗಿ ನೋಡುವ ದಾರಿ ಇನ್ನೂ ಹಳೆಯದು. ಗೊನೊರಿಯಕ್ಕೆ ಕಾರಣವಾದ ಜೋಡಿಗೋಲಿಯಂಥ ಬ್ಯಾಕ್ಟೀರಿಯವನ್ನು ಆಲ್ಬರ್ಟ್ ನೈಸರ್ 1879ರಲ್ಲಿ ಕಂಡರು. ಕೀವಿರುವ ಪುರುಷನ ಸ್ರಾವವನ್ನು ಗಾಜಿನ ಪಟ್ಟಿಗೆ ಸವರಿ ಗ್ರಾಂ ಬಣ್ಣ ಹಾಕಿ ನೋಡಿದರೆ, ಬಿಳಿ ರಕ್ತಕಣಗಳ ಒಳಗೆ ಅವು ಕಂಡಾಗ ರೋಗನಿರ್ಣಯ ಬಹುತೇಕ ಖಚಿತ. ಒಂದು ಸೂಕ್ಷ್ಮದರ್ಶಕ, ಒಂದಿಷ್ಟು ಬಣ್ಣ ಮತ್ತು ಪಳಗಿದ ಕಣ್ಣು ಇದ್ದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಆದರೆ ಮಹಿಳೆಯರ ಗರ್ಭಕಂಠದ ಮಾದರಿಯಲ್ಲಿ ಇದೇ ವಿಧಾನ ಹೆಚ್ಚುಕಡಿಮೆ ಅರ್ಧದಷ್ಟು ಸೋಂಕುಗಳನ್ನು ಗುರುತಿಸದೆ ಬಿಟ್ಟುಬಿಡುತ್ತದೆ. ಟ್ರೈಕೊಮೊನಸ್ ಪರಾವಲಂಬಿಯನ್ನು ಹಸಿ ಸ್ರಾವದ ಹನಿಯಲ್ಲಿ ಓಡಾಡುವಾಗಲೇ ಗುರುತಿಸಬೇಕು. ಮಾದರಿ ತೆಗೆದ ಕೆಲವು ನಿಮಿಷಗಳಲ್ಲಿ ನೋಡದಿದ್ದರೆ ಅದರ ಚಲನೆ ನಿಂತು ಕಣ್ತಪ್ಪಿಹೋಗುತ್ತದೆ. ಗೊನೊರಿಯದ ಬ್ಯಾಕ್ಟೀರಿಯವನ್ನು ವಿಶೇಷ ಮಾಧ್ಯಮದಲ್ಲಿ ಬೆಳೆಸುವುದು ಇನ್ನೊಂದು ವಿಧಾನ. ಅದು ನಿಧಾನ, ನಾಜೂಕಿನದು. ಆದರೂ ಅದನ್ನು ಬಿಡುವಂತಿಲ್ಲ, ಏಕೆಂದರೆ ಯಾವ ಔಷಧಕ್ಕೆ ಬ್ಯಾಕ್ಟೀರಿಯ ಜಗ್ಗುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ಪೂರ್ತಿಯಾಗಿ ತಿಳಿಯುವುದು ಬೆಳೆಸಿ ನೋಡಿದಾಗಲೇ. ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ಗಳನ್ನು ಗೊನೊರಿಯ ಒಂದಾದ ಮೇಲೊಂದರಂತೆ ಸೋಲಿಸಿದೆ. ಈಗ ಆಧಾರವಾಗಿರುವ ಸೆಫ್ಟ್ರಿಯಾಕ್ಸೋನ್‌ಗೂ ಮಣಿಯದ ತಳಿಗಳು ಹಲವು ದೇಶಗಳಲ್ಲಿ ಕಂಡಿವೆ. ಪರೀಕ್ಷೆಯಿಲ್ಲದೆ ಹಂಚುವ ಒಂದೊಂದು ಅನಗತ್ಯ ಮಾತ್ರೆಯೂ ಈ ಪ್ರತಿರೋಧಕ್ಕೆ ಗೊಬ್ಬರ.

ಕ್ಲಮೈಡಿಯ ಜೀವಂತ ಕೋಶದೊಳಗಷ್ಟೇ ಬೆಳೆಯುವ ಬ್ಯಾಕ್ಟೀರಿಯ. ಸಾಧಾರಣ ಮಾಧ್ಯಮದಲ್ಲಿ ಅದು ಏಳುವುದಿಲ್ಲ, ಗ್ರಾಂ ಬಣ್ಣಕ್ಕೂ ಸಿಗುವುದಿಲ್ಲ. ಅದನ್ನು ಹಿಡಿದುಕೊಟ್ಟದ್ದು ನ್ಯೂಕ್ಲಿಯಿಕ್ ಆಮ್ಲವನ್ನು ವರ್ಧಿಸುವ ಪರೀಕ್ಷೆಗಳು. ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್ ಈ ಕುಟುಂಬಕ್ಕೆ ಸೇರಿದ್ದು. ಮಾದರಿಯಲ್ಲಿರುವ ರೋಗಾಣುವಿನ ವಂಶವಾಹಿಯ ಒಂದು ತುಣುಕನ್ನು ಕೋಟಿಪಟ್ಟು ಹೆಚ್ಚಿಸಿ ಪತ್ತೆ ಮಾಡುವುದು ಇದರ ಕೆಲಸ. ಕ್ಲಮೈಡಿಯ, ಗೊನೊರಿಯಗಳಲ್ಲಿ ಸೋಂಕಿರುವ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯನ್ನು ಒಳ್ಳೆಯ ಪರೀಕ್ಷೆ ಗುರುತಿಸುತ್ತದೆ. ಮಾದರಿಯೂ ಸುಲಭ: ಪುರುಷರಾದರೆ ಮೂತ್ರದ ಮೊದಲ ಧಾರೆ, ಮಹಿಳೆಯಾದರೆ ಶೌಚಾಲಯದಲ್ಲಿ ತಾನೇ ತೆಗೆದುಕೊಡಬಹುದಾದ ಯೋನಿಸ್ರಾವದ ಸ್ವಾಬ್. ಪರೀಕ್ಷಾ ಮೇಜಿನ ಮೇಲೆ ಮಲಗಿ ಅಪರಿಚಿತರೆದುರು ಮುಜುಗರಪಡಬೇಕೆಂಬ ಹೆದರಿಕೆಯಿಂದಲೇ ಆಸ್ಪತ್ರೆಯಿಂದ ದೂರ ಉಳಿದ ಎಷ್ಟೋ ಮಹಿಳೆಯರಿಗೆ ಇದೊಂದೇ ಬದಲಾವಣೆ ಬಾಗಿಲು ತೆರೆಯಬಲ್ಲದು. ನೆನಪಿಡಬೇಕಾದ ಮಿತಿ ಇಲ್ಲೂ ಒಂದಿದೆ. ಸತ್ತ ರೋಗಾಣುವಿನ ವಂಶವಾಹಿಯನ್ನೂ ಯಂತ್ರ ಎಣಿಸುವುದರಿಂದ, ಚಿಕಿತ್ಸೆ ಮುಗಿದ ಮೂರು ನಾಲ್ಕು ವಾರಗಳೊಳಗೆ ಮತ್ತೆ ಪರೀಕ್ಷಿಸಿದರೆ ಗುಣವಾದವರೂ ಪಾಸಿಟಿವ್ ಎಂದು ಕಾಣಬಹುದು.

ಆಕ್ಷೇಪಗಳಿಗೆ ಉತ್ತರ

ಇಷ್ಟೆಲ್ಲ ಹೇಳಿದಾಗ ಬರುವ ಮೊದಲ ಆಕ್ಷೇಪ ಖರ್ಚಿನದು. ಪಿಸಿಆರ್‌ನಂಥ ಆಣ್ವಿಕ ಪರೀಕ್ಷೆಯ ಕಾರ್ಟ್ರಿಜ್‌ಗಳು ಕಿಟ್‌ನ ಮಾತ್ರೆಗಳಿಗಿಂತ ದುಬಾರಿ, ನಿಜ. ಆದರೆ ಅತಿ ದೊಡ್ಡ ವೆಚ್ಚವಾದ ಯಂತ್ರ ಮತ್ತು ತರಬೇತಿಯನ್ನು ದೇಶ ಈಗಾಗಲೇ ಭರಿಸಿದೆ. ಕ್ಷಯರೋಗದ ಪತ್ತೆಗಾಗಿ ಜೀನ್‌ಎಕ್ಸ್‌ಪರ್ಟ್ ಮತ್ತು ಬೆಂಗಳೂರಿನಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರಗಳು ಜಿಲ್ಲೆ, ತಾಲ್ಲೂಕುಗಳನ್ನು ತಲುಪಿವೆ. ಕೋವಿಡ್ ಸಮಯದಲ್ಲಿ ಆರ್‌ಟಿ-ಪಿಸಿಆರ್ ಪ್ರಯೋಗಾಲಯಗಳು ಜಿಲ್ಲೆಗಳಲ್ಲಿ ಎದ್ದುನಿಂತವು. ಕಫದ ಮಾದರಿಯಲ್ಲಿ ಕ್ಷಯವನ್ನು ಹುಡುಕುವ ಜೀನ್‌ಎಕ್ಸ್‌ಪರ್ಟ್‌ಗೆ ಬೇರೆ ಕಾರ್ಟ್ರಿಜ್ ಹಾಕಿದರೆ ಸ್ವಾಬ್‌ನಲ್ಲಿ ಕ್ಲಮೈಡಿಯ, ಗೊನೊರಿಯಗಳನ್ನು ಹುಡುಕಿಕೊಡುತ್ತದೆ. ಎಲ್ಲರನ್ನೂ ಪರೀಕ್ಷಿಸಬೇಕಾಗಿಯೂ ಇಲ್ಲ. ಗರ್ಭಿಣಿಯರು, ಬಿಳಿಸೆರಗು ಅಥವಾ ಕಿಬ್ಬೊಟ್ಟೆ ನೋವಿನಿಂದ ಬಂದ ಮಹಿಳೆಯರು, ಸೋಂಕು ಖಚಿತವಾದವರ ಸಂಗಾತಿಗಳು, ಹೆಚ್ಚು ಅಪಾಯದಲ್ಲಿರುವ ಸಮುದಾಯಗಳು, ಇವರಿಂದ ಶುರುಮಾಡಿದರೆ ಸಾಕು. ಅಂಡನಾಳ ಮುಚ್ಚಿಹೋದ ದಂಪತಿ ಮುಂದೆ ಪ್ರನಾಳ ಶಿಶು ಚಿಕಿತ್ಸೆಗೆ ಸುರಿಯುವ ಹಣದ ಪಕ್ಕದಲ್ಲಿಟ್ಟು ನೋಡಿದರೆ ಪರೀಕ್ಷೆಯ ಖರ್ಚು ಎಷ್ಟು ಚಿಕ್ಕದೆಂಬುದು ತಿಳಿಯುತ್ತದೆ.

ಗರ್ಭಿಣಿಯರ ಸಿಫಿಲಿಸ್ ಪರೀಕ್ಷೆಯ ವಿಷಯದಲ್ಲಂತೂ ಖರ್ಚಿನ ಮಾತು ಎತ್ತುವಂತೆಯೇ ಇಲ್ಲ. 2022ರಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ ಜನ್ಮಜಾತ ಸಿಫಿಲಿಸ್ ಪ್ರಕರಣಗಳಾದವು, ಅವುಗಳಲ್ಲಿ ಸುಮಾರು 3.9 ಲಕ್ಷ ಗರ್ಭನಷ್ಟ, ನವಜಾತ ಶಿಶುವಿನ ಸಾವು, ಅವಧಿಪೂರ್ವ ಹೆರಿಗೆ ಅಥವಾ ಮಗುವಿನಲ್ಲಿ ಕಾಣಿಸಿಕೊಂಡ ರೋಗದಲ್ಲಿ ಕೊನೆಗೊಂಡವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಸುಮಾರು ಇಪ್ಪತ್ತು ನಿಮಿಷದಲ್ಲಿ ತೋರಿಸುವ ಜೋಡಿ ಪರೀಕ್ಷಾ ಪಟ್ಟಿ ಈಗ ಇದೆ. ಪಾಸಿಟಿವ್ ಬಂದ ತಾಯಿಗೆ ಅಂದೇ ಪೆನಿಸಿಲಿನ್ ಕೊಡಬಹುದು, ಆಮೇಲೆ ಆರ್‌ಪಿಆರ್ ಪ್ರಮಾಣ ನೋಡಿ ಮುಂದುವರಿಯಬಹುದು. ಹೆರಿಗೆಗೆ ಕನಿಷ್ಠ ನಾಲ್ಕು ವಾರ ಮುಂಚೆ ಚಿಕಿತ್ಸೆ ಸಿಕ್ಕರೆ ಬಹುತೇಕ ಶಿಶುಗಳನ್ನು ಉಳಿಸಿಕೊಳ್ಳಬಹುದು. ಏಳನೆಯ ತಿಂಗಳಲ್ಲಿ ಮೊದಲ ಸಲ ಪರೀಕ್ಷೆಗೆ ಬರುವ ಗರ್ಭಿಣಿಯನ್ನು ಮೂರನೆಯ ತಿಂಗಳಲ್ಲೇ ಕರೆತರುವುದು ಆಶಾ ಕಾರ್ಯಕರ್ತೆಯರ ಕೈಯಲ್ಲಿರುವ, ಬಹು ದೊಡ್ಡ ಫಲ ಕೊಡುವ ಕೆಲಸ.

ಎರಡನೆಯ ಆಕ್ಷೇಪ ವಿಳಂಬದ್ದು. ವರದಿ ಬರುವ ಹೊತ್ತಿಗೆ ರೋಗಿ ಮರಳಿ ಬರದಿದ್ದರೆ ಪರೀಕ್ಷೆ ಮಾಡಿ ಏನು ಫಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಲಕ್ಷಣ ಆಧರಿಸಿದ ಚಿಕಿತ್ಸೆ ಹುಟ್ಟಿದ್ದೇ ಈ ಆತಂಕದಿಂದ. ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕಾದ ಕಾಲ ಮುಗಿದಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸಾಧ್ಯವಿದ್ದಲ್ಲೆಲ್ಲ ಗುಣಮಟ್ಟದ ಆಣ್ವಿಕ ಪರೀಕ್ಷೆಯ ಫಲ ನೋಡಿ ಚಿಕಿತ್ಸೆ ಕೊಡಬೇಕು, ಅಂದೇ ಫಲ ಸಿಗದ ಕಡೆ ಲಕ್ಷಣ ಆಧರಿಸಿ ಮುಂದುವರಿಯಬೇಕು ಎನ್ನುತ್ತದೆ. ಕೀವಿನ ತೊಂದರೆಯ ಪುರುಷನಿಗೆ ಅಂದೇ ಔಷಧ ಕೊಟ್ಟು ಮಾದರಿಯನ್ನೂ ತೆಗೆದಿಟ್ಟುಕೊಳ್ಳಬಹುದು. ಬಿಳಿಸೆರಗಿನ ಮಹಿಳೆಗೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕೆ ಅಲ್ಲೇ ಚಿಕಿತ್ಸೆ ಕೊಟ್ಟು, ಕ್ಲಮೈಡಿಯ, ಗೊನೊರಿಯಗಳ ವಿಷಯವನ್ನು ಪರೀಕ್ಷೆಯ ಮೇಲೆ ನಿರ್ಧರಿಸಬಹುದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು: ತಪ್ಪು ಪಾಸಿಟಿವ್ ಒಂದು ಸಂಸಾರವನ್ನೇ ಒಡೆಯಬಹುದು. ಲೆಕ್ಕ ಹಾಕಿಯೇ ನೋಡೋಣ. ನೂರಕ್ಕೆ ಒಬ್ಬರಿಗೆ ಸೋಂಕಿರುವ ಊರಿನಲ್ಲಿ ಸಾವಿರ ಜನರನ್ನು ಪರೀಕ್ಷಿಸಿದರೆ ನಿಜವಾಗಿ ಸೋಂಕಿರುವವರು ಹತ್ತು ಮಂದಿ. ಪರೀಕ್ಷೆ ನೂರಕ್ಕೆ ತೊಂಬತ್ತೆಂಟು ಪಾಲು ನಿಖರ ಎಂದುಕೊಂಡರೂ ಉಳಿದ 990 ಜನರಲ್ಲಿ ಸುಮಾರು ಇಪ್ಪತ್ತು ಮಂದಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದ ಮೂವತ್ತರಲ್ಲಿ ಇಪ್ಪತ್ತು ಸುಳ್ಳು. ಆದರೆ ಆ ಮೂವತ್ತು ಮಂದಿಗೆ ಬೇರೆ ತತ್ತ್ವದ, ಅಷ್ಟೇ ನಿಖರವಾದ ಎರಡನೆಯ ಪರೀಕ್ಷೆ ಮಾಡಿದರೆ ಸುಳ್ಳು ಪಾಸಿಟಿವ್ ಒಂದೂ ಉಳಿಯದಿರುವ ಸಂಭವವೇ ಹೆಚ್ಚು. ಎಚ್‌ಐವಿಯ ವಿಷಯದಲ್ಲಿ ಭಾರತ ಇದನ್ನೇ ಮಾಡಿತು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ವೆಲ್ಲೂರಿನಲ್ಲಿ ಪರೀಕ್ಷಿಸಿದಾಗ ದೇಶದಲ್ಲಿ ಎಚ್‌ಐವಿ ಇರುವುದು ಮೊದಲು ತಿಳಿಯಿತು. ಆನಂತರ ಕಟ್ಟಿದ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ (ಐಸಿಟಿಸಿ) ಲಕ್ಷಣವಿಲ್ಲದ ವ್ಯಕ್ತಿಗೆ ಎಚ್‌ಐವಿ ಇದೆ ಎಂದು ಹೇಳುವ ಮುನ್ನ ಮೂರು ಬೇರೆ ಬೇರೆ ಪರೀಕ್ಷೆಗಳು ಒಂದೇ ಮಾತು ಹೇಳಬೇಕು. ಪರೀಕ್ಷೆಗೆ ಮುಂಚೆಯೂ ಆಮೇಲೂ ಆಪ್ತಸಮಾಲೋಚಕರು ಮಾತನಾಡುತ್ತಾರೆ, ಸೋಂಕಿನ ಮೊದಲ ವಾರಗಳ ನೆಗೆಟಿವ್ ಫಲವನ್ನು ಕೊನೆಯ ಮಾತೆಂದು ತಿಳಿಯಬೇಡಿ ಎಂದು ತಿಳಿಹೇಳುತ್ತಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆಯನ್ನೂ ಗೋಪ್ಯತೆಯನ್ನೂ ಕಾನೂನಿನ ಹಕ್ಕಾಗಿಸಿದೆ. ಒಂದು ಸೋಂಕಿಗೆ ಸಾಧ್ಯವಾದ ಈ ಶಿಸ್ತು ಇನ್ನುಳಿದವಕ್ಕೆ ಸಾಧ್ಯವಿಲ್ಲ ಎನ್ನಲು ಕಾರಣವಿಲ್ಲ.

ಹೆಚ್ಚು ಪರೀಕ್ಷೆ ಎಂದರೆ ಸಿಕ್ಕ ಪರೀಕ್ಷೆಯನ್ನೆಲ್ಲ ಮಾಡಿಸುವುದೆಂದು ಯಾರೂ ತಿಳಿಯಬಾರದು. ಲಕ್ಷಣವಿಲ್ಲದವರಿಗೆ ಹರ್ಪಿಸ್ ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸುವುದರಿಂದ ಉಪಯೋಗಕ್ಕಿಂತ ಗಾಬರಿಯೇ ಹೆಚ್ಚು. ಅದರಲ್ಲಿ ತಪ್ಪು ಪಾಸಿಟಿವ್ ಸಾಮಾನ್ಯ. ಹರ್ಪಿಸ್ ಸಂಶಯವಿದ್ದರೆ ಗುಳ್ಳೆಯ ದ್ರವದ ಪಿಸಿಆರ್ ಸರಿಯಾದ ಪರೀಕ್ಷೆ. ಈಗಿನ ಕ್ಲಮೈಡಿಯ ಸೋಂಕನ್ನು ತಿಳಿಯಲು ರಕ್ತದ ಪ್ರತಿಕಾಯ ನೋಡುವುದೂ ಪ್ರಯೋಜನವಿಲ್ಲದ ಖರ್ಚು. ಯಾವ ಸೋಂಕಿಗೆ ಯಾವ ಮಾದರಿ, ಎಷ್ಟು ದಿನದ ಮೇಲೆ, ಯಾವ ಪರೀಕ್ಷೆ ಎಂಬ ತಿಳಿವಳಿಕೆ ಇಲ್ಲದೆ ಕೊಳ್ಳುವ ಪ್ಯಾಕೇಜ್‌ಗಳು ಪ್ರಯೋಗಾಲಯದ ಮೇಲಿನ ನಂಬಿಕೆಯನ್ನೇ ಹಾಳುಮಾಡುತ್ತವೆ. ಬಸ್ ನಿಲ್ದಾಣದ ಗೋಡೆಗಳ ಮೇಲೆ ಗುಪ್ತರೋಗಕ್ಕೆ ಖಚಿತ ಪರಿಹಾರ ಎಂದು ಬರೆಸುವವರ ವ್ಯಾಪಾರ ನಡೆಯುತ್ತಿರುವುದು ಜನರ ಈ ಗೊಂದಲ ಮತ್ತು ನಾಚಿಕೆಯ ಮೇಲೆಯೇ.

ಆದ್ದರಿಂದ ಆಗಬೇಕಾದದ್ದು ಸ್ಪಷ್ಟ. ತಾಲ್ಲೂಕು ಆಸ್ಪತ್ರೆಯಲ್ಲಿ ಗ್ರಾಂ ಬಣ್ಣ ಮತ್ತು ಹಸಿ ಸ್ರಾವದ ಪರೀಕ್ಷೆ ದಿನವೂ ನಡೆಯಬೇಕು. ಪ್ರತಿ ಗರ್ಭಿಣಿಗೂ ಮೊದಲ ತಪಾಸಣೆಯಲ್ಲೇ ಸಿಫಿಲಿಸ್ ಪರೀಕ್ಷೆ, ಪಾಸಿಟಿವ್ ಬಂದರೆ ಅಂದೇ ಪೆನಿಸಿಲಿನ್ ಸಿಗಬೇಕು. ಕ್ಷಯದ ಯಂತ್ರಗಳಲ್ಲಿ ಬಿಡುವಿರುವ ಹೊತ್ತನ್ನು ಕ್ಲಮೈಡಿಯ, ಗೊನೊರಿಯಗಳಿಗೆ ಮೀಸಲಿಡಬೇಕು. ಗೊನೊರಿಯ ಬೆಳೆಸಿ ಔಷಧ ಪ್ರತಿರೋಧವನ್ನು ಗಮನಿಸುವ ಪ್ರಯೋಗಾಲಯ ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಗಟ್ಟಿಯಾಗಬೇಕು. ಫಲ ಬಂದ ಮೇಲೆ ಸಂಗಾತಿಗೂ ಚಿಕಿತ್ಸೆಯಾಗಬೇಕು; ಒಬ್ಬರಿಗೆ ಮಾತ್ರ ಮದ್ದು ಕೊಟ್ಟರೆ ಸೋಂಕು ಅದೇ ಮನೆಯಲ್ಲಿ ಮತ್ತೆ ಸುತ್ತುತ್ತದೆ. ಓದುಗರಲ್ಲಿ ಒಂದು ಮನವಿ: ಸಂಶಯವಿದ್ದರೆ ಔಷಧ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗಬೇಡಿ, ಗೋಡೆಬರಹದ ವೈದ್ಯರನ್ನು ಹುಡುಕಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ ಅಥವಾ ಐಸಿಟಿಸಿ ಕೇಂದ್ರಕ್ಕೆ ಹೋಗಿ, ಸಂಗಾತಿಯನ್ನೂ ಕರೆದೊಯ್ಯಿರಿ, ಪರೀಕ್ಷೆ ಮಾಡಿಸಿಕೊಳ್ಳಿ. ಸಕಾಲದಲ್ಲಿ ಗೊತ್ತಾದರೆ ಕ್ಲಮೈಡಿಯ, ಗೊನೊರಿಯ, ಟ್ರೈಕೊಮೊನಿಯಾಸಿಸ್, ಸಿಫಿಲಿಸ್ ಈ ನಾಲ್ಕು ಸೋಂಕುಗಳೂ ಪೂರ್ತಿ ವಾಸಿಯಾಗುತ್ತವೆ.